ಸ್ಟೆಪ್ನಿಗೆ ಕಟ್ಟಿದ ತೊಟ್ಟಿಲು

ನಮ್ಮ ಜೀಪಿನ ಬೆನ್ನಿಗೆ ನೇತುಹಾಕಿದ್ದ ಸ್ಟೆಪ್ನಿ ಟೈರನ್ನು ಕಂಡರೆ ನನಗೆ ಮೊದಲ ದಿನದಿಂದಲೂ ಹೆದರಿಕೆ. ಹೆದರಿಕೆ ಅಂದರೆ ಇವರು ನಗುತ್ತಿದ್ದರು. ನಕ್ಕರೆ ನನಗೆ ಸಿಟ್ಟು. ಸಿಟ್ಟು ಬಂತೆಂದರೆ ನನ್ನ ಬಾಯಿ ನಿಲ್ಲುವುದಿಲ್ಲ, ನನ್ನ ಬಾಯಿ ಹೆಚ್ಚಾದಷ್ಟೂ ಇವರ ಕಿವಿ ಮುಚ್ಚುತ್ತದೆ. ಹೀಗೆ ಒಂದೂವರೆ ವರ್ಷ ನಡೆದಿತ್ತು. ಇವರು ಅಂದರೆ ನನ್ನ ಗಂಡ.

ಶಲವಡಿಯ ಸುತ್ತ ಹೊಲ ಇದ್ದವರಿಗೆ ನಾನು ಹೇಳಬೇಕಾಗಿಲ್ಲ, ಇಲ್ಲದವರಿಗೆ ಹೇಳುತ್ತೇನೆ. ನಮ್ಮದು ಕಪ್ಪು ಎರೆ ಮಣ್ಣು. ಎರಡು ಜೋರು ಮಳೆ ಬಿದ್ದರೆ ಸಾಕು, ದಾರಿಯಲ್ಲಿ ಕಾಲಿಟ್ಟವರ ಚಪ್ಪಲಿ ಅಲ್ಲೇ ಉಳಿದು ಕಾಲು ಮಾತ್ರ ಮೇಲೆ ಬರುತ್ತದೆ. ನಮ್ಮ ಮನೆ ಊರೊಳಗಿಲ್ಲ, ಹೊಲದಲ್ಲಿದೆ. ಡಾಂಬರು ಬಿಟ್ಟು ಒಂದು ಮೈಲಿ ಒಳಗೆ. ಬೈಕು, ಕಾರು ಯಾವುದೂ ಮಳೆಗಾಲದಲ್ಲಿ ಆ ದಾರಿಯಲ್ಲಿ ಬರುವುದಿಲ್ಲ. ಅದಕ್ಕೇ ಇವರು ಹಳೆಯ ಜೀಪೊಂದನ್ನು ತಂದು, ಅದರ ನಾಲ್ಕೂ ಟೈರು ಬಿಚ್ಚಿಸಿ, ನನ್ನ ಸೊಂಟದೆತ್ತರದ ದೊಡ್ಡ ದೊಡ್ಡ ಟೈರು ಹಾಕಿಸಿದರು. ಅಷ್ಟಕ್ಕೇ ಬಿಟ್ಟಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ನಾಲ್ಕಕ್ಕೆ ಹಾಕಿದ ಮೇಲೆ ಸ್ಟೆಪ್ನಿಯೂ ಅದೇ ಅಳತೆಯದು ಬೇಕೆಂದರು.

ಅದನ್ನು ನೇತುಹಾಕುವುದೆಲ್ಲಿ? ಜೀಪಿನ ಹಿಂದಿನ ಬಾಗಿಲ ಮೇಲೆ ಮೊದಲೇ ಇದ್ದ ಕಬ್ಬಿಣದ ಹಿಡಿಕೆ ಸಣ್ಣ ಟೈರಿನ ಅಳತೆಗೆ ಮಾಡಿದ್ದು. ಇವರು ಅದಕ್ಕೆ ಎರಡು ಪಟ್ಟಿ ವೆಲ್ಡಿಂಗ್ ಮಾಡಿಸಿ, ಕರಿ ಬಣ್ಣ ಬಳಿದು, ಆ ರಾಕ್ಷಸನನ್ನು ಇಬ್ಬರು ಆಳುಗಳ ಕೈಲಿ ಎತ್ತಿಸಿ ಮೂರು ನಟ್ಟು ಬಿಗಿದರು. ನಡುವಿನ ಕಬ್ಬಿಣದ ಡಿಸ್ಕು ಸಮೇತ ಅರ್ಧ ಕ್ವಿಂಟಲ್ಲಿಗಿಂತ ಹೆಚ್ಚಿನ ಭಾರ. ಅಂದಿನಿಂದ ಜೀಪಿನ ಹಿಂದಿನ ಕಿಟಕಿ ಪೂರ್ತಿ ಮುಚ್ಚಿಹೋಯಿತು. ಒಳಗೆ ಹಾಡಹಗಲಲ್ಲೂ ಮಬ್ಬುಗತ್ತಲೆ. ತಗ್ಗಿಗೆ ಇಳಿದಾಗೊಮ್ಮೆ ಹಿಂದಿನಿಂದ ಗುಡುಂ ಎಂಬ ಸದ್ದು, ಅದರ ಬೆನ್ನಿಗೇ ಬಾಗಿಲು ಕಿರ್ರ್ ಎಂದು ನರಳುವ ಸದ್ದು.

"ಅದು ಒಂದಿನ ಬೀಳತೈತಿ ನೋಡ್ರಿ," ಅನ್ನುತ್ತಿದ್ದೆ.

"ನಾ ಬಿದ್ದೇನು, ಅದು ಬೀಳೂದಿಲ್ಲ."

"ನೀವು ಬಿದ್ರ ನಿಮ್ಮ ಕಾಲಷ್ಟ ಮುರೀತಾವ. ಅದು ಬಿದ್ರ ಹಿಂದ ಬರಾವನ ಹೆಂಡ್ತಿ ಹಣಿ ಬರಿದಾಗ್ತೈತಿ."

ಈ ಮಾತು ನಾನೇ ಆಡಿದ್ದು. ಒಂದು ಸಲವಲ್ಲ, ಹತ್ತು ಸಲ. ಹಿಂದೆ ಬರುವವನು ಯಾರೋ ದಾರಿಹೋಕ, ಅವನ ಹೆಂಡತಿ ಯಾವೂರಲ್ಲೋ ಇರುವವಳು ಎಂದುಕೊಂಡು ಆಡಿದ್ದು.

ಮಗಳು ಮೊದಲ ಬಾಣಂತನಕ್ಕೆ ನಮ್ಮ ಮನೆಗೆ ಬಂದಿದ್ದಳು. ಗಂಡು ಕೂಸು. ಇಪ್ಪತ್ತೊಂದನೆಯ ದಿನ ತೊಟ್ಟಿಲಿಗೆ ಹಾಕುವುದೆಂದು ಗೊತ್ತಾಯಿತು. ತೊಟ್ಟಿಲು ತವರಿನವರೇ ಕೊಡಬೇಕು, ಅದೂ ಬಣ್ಣದ ತೊಟ್ಟಿಲಿಗೆ ಹೆಸರಾದ ಕಲಘಟಗಿಯದೇ ಆಗಬೇಕು ಎಂಬುದು ನನ್ನ ಹಟ. ಹೆರಿಗೆಯಾಗುವ ಮೊದಲೇ ತೊಟ್ಟಿಲು ಹೇಳಿಡುವ ಪದ್ಧತಿ ನಮ್ಮಲ್ಲಿಲ್ಲ. ಕೂಸು ಹುಟ್ಟಿದ ಮರುದಿನ ಫೋನು ಮಾಡಿದೆವು. ಅರ್ಧ ಮುಗಿದಿದ್ದ ಒಂದು ತೊಟ್ಟಿಲನ್ನು ಅಲ್ಲಿಯ ಬಡಿಗೇರ ನಮಗಾಗಿ ಬಣ್ಣ ತುಂಬಿ ಮುಗಿಸಿದ. ಕಾರ್ಯಕ್ಕೆ ಮೂರು ದಿನ ಇದೆ ಅನ್ನುವಾಗ ನಾನೂ ಇವರೂ ಜೀಪಿನಲ್ಲಿ ತರಲು ಹೋದೆವು. ಹಿಂದಿನ ದಿನ ಹೊತ್ತಲ್ಲದ ಹೊತ್ತಿನಲ್ಲಿ ಮಳೆ ಹೊಡೆದಿತ್ತು, ನಮ್ಮ ಹೊಲದ ದಾರಿಯಲ್ಲಿ ಬೇರೆ ಗಾಡಿ ಬರುವಂತಿರಲಿಲ್ಲ.

ಅಳಿಯ ಕಲಘಟಗಿಯ ಒಂದು ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ. ಅರ್ಧ ದಿನ ರಜೆ ಹಾಕಿ ಬಡಿಗೇರನ ಅಂಗಡಿಗೇ ತನ್ನ ಬೈಕಿನಲ್ಲಿ ಬಂದಿದ್ದ. ಕೂಸನ್ನು ನೋಡಲು ನಮ್ಮ ಜೊತೆಯೇ ಶಲವಡಿಗೆ ಬರುವವನಿದ್ದ, ಡಾಂಬರು ಮುಗಿದಲ್ಲಿ ಬೈಕು ಬಿಟ್ಟು ಜೀಪು ಹತ್ತುವುದೆಂದು ಮಾತು. ಬಹಳ ಮೆತ್ತಗಿನ ಹುಡುಗ. ಅತ್ತೆ ಹೇಳಿದ ಮಾತಿಗೆ ಇಲ್ಲ ಅಂದದ್ದು ನಾನು ಒಮ್ಮೆಯೂ ಕೇಳಿಲ್ಲ. ಊಟಕ್ಕೆ ಕೂತಾಗ ನಾನು ಹಾಕಿದ್ದನ್ನೆಲ್ಲ ತಿಂದು, ಆಮೇಲೆ ಹಿತ್ತಲಲ್ಲಿ ಅರ್ಧ ತಾಸು ಅಡ್ಡಾಡುತ್ತಿದ್ದ, ಪಾಪ.

ತೊಟ್ಟಿಲು ನೋಡಿ ನನ್ನ ಕಣ್ಣು ತುಂಬಿತು. ಕಾಲುಗಳು, ಚೌಕಟ್ಟು, ಮೇಲಿನ ಗಿಳಿಗಳು ಎಲ್ಲ ಬಿಡಿಬಿಡಿ. ಅವನ್ನು ಹಳೆಯ ಸೀರೆಯಲ್ಲಿ ಸುತ್ತಿ ಒಳಗೆ ಇಟ್ಟೆವು. ಒಂದು ಚೀಲ ಅಕ್ಕಿ, ಬೆಲ್ಲದ ಪೆಂಟೆ, ಬಾಂಡೆ ಸಾಮಾನು ಮೊದಲೇ ಒಳಗಿದ್ದವು. ಕೂಸು ಮಲಗುವ ಪೆಟ್ಟಿಗೆ ಮಾತ್ರ ಏನು ಮಾಡಿದರೂ ಒಳಗೆ ಹಿಡಿಯಲೊಲ್ಲದು.

"ಇರ್ಲಿ ಬಿಡ್ರಿ ಅವ್ವಾರ, ನಾಳೆ ಟೆಂಪೋದಾಗ ಹಾಕಿ ಕಳಸ್ತೀನಿ," ಅಂದ ಬಡಿಗೇರ.

ನನಗೆ ಅದು ಆಗುವ ಮಾತಲ್ಲ. ತಿರ್ಲಾಪುರದ ನಮ್ಮ ತವರಿನಲ್ಲಿ ಒಂದು ಕಟ್ಟು ಇದೆ. ತೊಟ್ಟಿಲು ಖಾಲಿ ಬರಬಾರದು, ಖಾಲಿ ತೂಗಬಾರದು. ಕೂಸಿಗಿಂತ ಮೊದಲು ಅದರಲ್ಲಿ ಒರಳಿನ ಗುಂಡಕಲ್ಲು ಮಲಗಬೇಕು, ಕೂಸು ಕಲ್ಲಿನಂತೆ ಗಟ್ಟಿಯಾಗಿ ಬಾಳಲಿ ಎಂದು. ಉಳಿದವರು ಅದನ್ನು ಕಾರ್ಯದ ದಿನ ಮಾಡುತ್ತಾರೆ, ನನ್ನ ತಾಯಿ ಮಾತ್ರ ಬಡಿಗೇರನ ಬಾಗಿಲಿನಿಂದಲೇ ಮಾಡುತ್ತಿದ್ದಳು. ನಾನೂ ತಾಯಿಯ ಒರಳಿನ ಗುಂಡಕಲ್ಲನ್ನು ಮನೆಯಿಂದ ಹೊತ್ತುಕೊಂಡೇ ಬಂದಿದ್ದೆ. ಹತ್ತು ಹನ್ನೆರಡು ಕಿಲೋ ತೂಗುವ ಕರಿ ಕಲ್ಲು. ಅದಕ್ಕೆ ಹಸಿರು ಖಣದ ಬಟ್ಟೆ ಸುತ್ತಿ, ಮೇಲೆ ಕೂಸಿನ ಕುಂಚಿಗೆ, ಅಂದರೆ ಬೆನ್ನು ಮುಚ್ಚುವ ಟೊಪ್ಪಿಗೆ, ತೊಡಿಸಿದ್ದೆ. ಅದನ್ನು ಟೆಂಪೋದವನ ಕೈಗೆ ಕೊಟ್ಟು ಕಳಿಸಲೇ?

"ಸ್ಟೆಪ್ನಿಗೆ ಕಟ್ರಿ ಪೆಟಗಿ," ಅಂದೆ.

ಒಂದೂವರೆ ವರ್ಷದಲ್ಲಿ ಮೊದಲ ಸಲ ಇವರು ಆ ಟೈರಿನ ಬಗ್ಗೆ ಅನುಮಾನಪಟ್ಟರು. ಗಡ್ಡ ಕೆರೆದುಕೊಂಡು ಹಿಡಿಕೆಯನ್ನು ಒಮ್ಮೆ ಅಲುಗಾಡಿಸಿ ನೋಡಿದರು.

"ಬ್ಯಾಡ. ಭಾರ ಆಗತೈತಿ ಅದಕ್ಕ."

ನಾನು ಅಲ್ಲೇ ಸುಮ್ಮನಾಗಬಹುದಿತ್ತು. ನನಗೆ ಬೇಕಾದ್ದೂ ಅದೇ ಮಾತು ಅಲ್ಲವೇ? ಆದರೆ ಅಳಿಯ, ಬಡಿಗೇರ ಇಬ್ಬರೂ ಎದುರಿಗಿದ್ದರು, ಗೆಲ್ಲುವ ಅವಕಾಶ ಕೈಗೆ ಬಂದಿತ್ತು, ನನ್ನ ನಾಲಿಗೆಗೆ ಹುರುಪು ಬಂತು.

"ಅಯ್ಯ ಶಿವನ! ಇಷ್ಟ ದಿವಸ ಆನಿ ಕಟ್ಟಿದ್ರೂ ಬೀಳೂದಿಲ್ಲ ಅಂತಿದ್ರಿ. ಇವತ್ತ ಮೊಮ್ಮಗನ ತೊಟ್ಲ ಭಾರ ಆತೇನ್ ನಿಮಗ?"

ಬಡಿಗೇರ ನಕ್ಕ. ಇವರ ಮುಖ ಕೆಂಪಾಯಿತು. ಹಗ್ಗ ತಂದು, ಪೆಟ್ಟಿಗೆಯನ್ನು ಟೈರಿಗೆ ಆನಿಸಿ ನಾಲ್ಕು ಸುತ್ತು ಕಟ್ಟಿದರು. ನಾನು ಗುಂಡಕಲ್ಲನ್ನು ಅದರಲ್ಲಿ ಮಲಗಿಸಿ, ಜಾರದಂತೆ ಅಕ್ಕಪಕ್ಕ ಬಟ್ಟೆ ತುರುಕಿದೆ. ಆಮೇಲೆ ಅಳಿಯನ ಕಡೆ ತಿರುಗಿ ಹೇಳಿದೆ:

"ನೀವು ನಮ್ಮ ಬೆನ್ನಿಗೆ ಹತ್ತೇ ಬರ್ರಿ. ತೊಟ್ಲ ಮ್ಯಾಲಿನ ಕಣ್ಣು ತಗೀಬ್ಯಾಡ್ರಿ. ಕಲ್ಲು ಬಿದ್ದ ಕಳದೀತು ಮತ್ತ."

"ಹೂನ್ರಿ ಅತ್ತಿಯಾರ," ಅಂದ.

ಹುಬ್ಬಳ್ಳಿ ದಾಟುವವರೆಗೆ ಏನೂ ಆಗಲಿಲ್ಲ. ನನ್ನ ಬಾಜೂ ಇದ್ದ ಸಣ್ಣ ಕನ್ನಡಿಯಲ್ಲಿ ಅವನು ಕಾಣುತ್ತಿದ್ದ. ಹೆಲ್ಮೆಟ್ಟನ್ನು ಹ್ಯಾಂಡಲಿಗೆ ಸಿಕ್ಕಿಸಿಕೊಂಡು, ಹೇಳಿದ ಹಾಗೆ, ನಮ್ಮಿಂದ ಎರಡು ಮಾರು ಹಿಂದೆ. ಅಣ್ಣಿಗೇರಿಯಲ್ಲಿ ಚಹಾ ಕುಡಿದೆವು. ಅಲ್ಲಿಂದ ನಮ್ಮೂರ ಕಡೆಗೆ ತಿರುಗಿದ ಮೇಲೆ ರಸ್ತೆ ಕೆಟ್ಟಿತು. ಜೀಪು ಎತ್ತಿ ಎತ್ತಿ ಹಾಕತೊಡಗಿತು, ಕನ್ನಡಿ ಅದುರಿ ಅದರಲ್ಲಿ ಏನೂ ಕಾಣದಾಯಿತು. ಗುಡುಂ, ಕಿರ್ರ್. ಗುಡುಂ, ಕಿರ್ರ್. ನಾನು ಕೈಬೆರಳಲ್ಲಿ ಕಾರ್ಯಕ್ಕೆ ಕರೆಯಬೇಕಾದವರನ್ನು ಎಣಿಸುತ್ತಿದ್ದೆ.

ಹಿಂದೆ ಅಳಿಯನ ಬೈಕಿನ ಹಾರ್ನು ಕೇಳಿತು. ಒಂದು ಸಲ, ಎರಡು ಸಲ, ಆಮೇಲೆ ಬಿಡದೆ.

"ಮಗನ್ನ ನೋಡಾಕ ಅವಸರ ಆಗೇತಿ ಮಾಸ್ತರಗ," ಅಂದು ಇವರು ನಕ್ಕರು.

ನಾನೂ ನಕ್ಕೆ. ನಕ್ಕು ಕೈ ಹೊರಗೆ ಚಾಚಿ, ಬಾ ಬಾ ಎಂದು ಕರೆದೆ. ಹಿಂದೆ ಉಳಿಯಬೇಡ, ಬೆನ್ನಿಗೇ ಬಾ ಎಂದು. ಅವನು ಹಾರ್ನು ಹೊಡೆದದ್ದು ಏತಕ್ಕೆ ಎಂಬುದು ಆಗ ನನಗೆ ಹೊಳೆಯಲೇ ಇಲ್ಲ.

ಒಂದು ದೊಡ್ಡ ತಗ್ಗಿಗೆ ಜೀಪು ಧಡಕ್ಕೆಂದು ಇಳಿದು ಎದ್ದಿತು. ಹಲ್ಲು ಕಟಕಟಿಸಿದವು. ಸ್ವಲ್ಪ ಹೊತ್ತಿಗೆ ಜೀಪಿನ ಒಳಗೆ ಬೆಳಕಾಯಿತು. ಅಕ್ಕಿಚೀಲದ ಮೇಲೆ, ಬೆಲ್ಲದ ಪೆಂಟೆಯ ಮೇಲೆ ಹಳದಿ ಬಿಸಿಲು ಬಿತ್ತು. ಸದ್ಯ ಮೋಡ ಸರಿಯಿತು, ನಮ್ಮ ಹೊಲದ ದಾರಿ ಒಣಗೀತು ಎಂದುಕೊಂಡೆ. ನಿಜ ಹೇಳುತ್ತೇನೆ, ಆ ಬೆಳಕು ನೋಡಿ ನನಗೆ ಖುಷಿಯಾಯಿತು. ಇವರು ಸೀಟಿ ಹಾಕುತ್ತ ಗಾಡಿ ಓಡಿಸುತ್ತಿದ್ದರು.

ಡಾಂಬರು ಬಿಟ್ಟು ಹೊಲದ ದಾರಿಗೆ ಹೊರಳುವಲ್ಲಿ ಜೀಪು ನಿಲ್ಲಿಸಿದರು. ಕೆಸರಿಗೆ ಇಳಿಯುವ ಮುನ್ನ ಮುಂದಿನ ಎರಡೂ ಚಕ್ರಗಳ ಗುಂಬದಲ್ಲಿರುವ ಒಂದೊಂದು ಬಿರಡೆ ತಿರುವಬೇಕು, ಆಗಲೇ ನಾಲ್ಕೂ ಚಕ್ರ ಎಳೆಯುತ್ತವೆ. ತಮ್ಮ ಬದಿಯದು ತಿರುವಿ, ಹಿಂದಿನಿಂದ ಸುತ್ತಿ ನನ್ನ ಬದಿಗೆ ಬರಲು ಹೋದರು. ಸೀಟಿ ನಿಂತಿತು. ನಾನು ಕಾದೆ. ಅವರು ನನ್ನ ಬದಿಗೆ ಬರಲಿಲ್ಲ.

"ಏನ್ರೀ?"

ಕತ್ತು ಹೊರಗೆ ಚಾಚಿದೆ.

"ಏನಾತ್ರೀ?"

"ಇಳಿ ಕೆಳಗ," ಅಂದರು. ಅದು ಇವರ ದನಿಯೇ ಅಲ್ಲ.

ಇಳಿದು ನೋಡಿದೆ. ಟೈರು ಇಲ್ಲ. ತೊಟ್ಟಿಲ ಪೆಟ್ಟಿಗೆ ಇಲ್ಲ. ಬಾಗಿಲ ಮೇಲೆ ಕಬ್ಬಿಣದ ಎರಡು ಮುರುಕು ತುದಿಗಳು, ಮುರಿದ ಜಾಗ ಹೊಸ ಬೆಳ್ಳಿಯಂತೆ ಬೆಳ್ಳಗೆ. ಹಗ್ಗದ ಒಂದು ತುಂಡು ಜೋತಾಡುತ್ತಿತ್ತು. ರಸ್ತೆಯ ಆ ತುದಿಯವರೆಗೆ ಕಣ್ಣು ಹಾಯಿಸಿದೆ. ಒಂದು ನರಪಿಳ್ಳೆ ಇಲ್ಲ. ಅಳಿಯ ಇಲ್ಲ.

ಜೀಪಿನ ಮಡ್‌ಗಾರ್ಡು ಹಿಡಿದು ನಿಂತೆ. ನಾನೇ ಆಡಿದ್ದ ಮಾತು ಕಿವಿಯಲ್ಲಿ ಕೇಳತೊಡಗಿತು. ಹಿಂದೆ ಬರುವವನ ಹೆಂಡತಿ. ಅವಳು ಒಂದು ಮೈಲಿ ದೂರದಲ್ಲಿ, ನಮ್ಮ ನಡುಮನೆಯಲ್ಲಿ, ಹದಿನೆಂಟು ದಿನದ ಕೂಸಿಗೆ ಹಾಲೂಡಿಸುತ್ತ ಕೂತಿದ್ದಳು.

"ಹತ್ತು. ಹಿಂದಕ್ಕ ಹೋಗೂಣು," ಅಂದರು ಇವರು.

ಜೀಪು ಹೊರಳಿಸುವಾಗ ಎರಡು ಸಲ ಬಂದ್ ಬಿತ್ತು. ಮೂವತ್ತು ವರ್ಷ ಟ್ರ್ಯಾಕ್ಟರು ಹೊಡೆದ ಮನುಷ್ಯನಿಗೆ ಗೇರೇ ಸಿಗಲೊಲ್ಲದು. ನಾನು ಅಳಿಯನಿಗೆ ಫೋನು ಹಚ್ಚಿದೆ. ಸ್ವಿಚ್ ಆಫ್. ಮತ್ತೆ ಹಚ್ಚಿದೆ, ಸ್ವಿಚ್ ಆಫ್.

"ಟೈರ್ ಬಿದ್ದದ್ದು ಅಂವ ನೋಡಿರ್ತಾನ. ಗಾಡಿ ಹೊಳ್ಳಿಸಿರ್ತಾನ," ಅಂದರು.

"ಹ್ಯಾಂಗ ಹೊಳ್ಳಸ್ತಾನ? ಬೆನ್ನಿಗೆ ಹತ್ತಿ ಬಾ ಅಂದೀನಿ ನಾನು. ಕೈ ಮಾಡಿ ಕರದೀನಿ!"

"ಸುಮ್ಮನಿರ ಸ್ವಲ್ಪ."

"ಹಾರ್ನ್ ಹೊಡದು ಹೊಡದು ಹೇಳ್ಯಾನ್ರೀ. ನಾವು ನಕ್ಕೇವಿ."

ಸ್ವಲ್ಪ ದೂರ ಹೋದ ಮೇಲೆ ಇವರು, ತಮಗೆ ತಾವೇ ಹೇಳಿಕೊಳ್ಳುವಂತೆ, "ಗಾಡಿ ಹಗುರಾದಂಗ ಅನಿಸ್ತು. ರಸ್ತಾ ಚಲೋ ಆತು ಅನ್ಕೊಂಡೆ," ಅಂದರು. ಇದನ್ನು ಕೇಳಿ ನನಗೆ ಬೈಯಬೇಕೆನಿಸಲಿಲ್ಲ. ನನಗೆ ಬೆಳಕು ಬಿದ್ದದ್ದು ನೆನಪಾಯಿತು. ಅದು ಮೋಡ ಸರಿದ ಬೆಳಕಲ್ಲ, ಟೈರು ಹೋದ ಬೆಳಕು. ಅದು ಬಿದ್ದ ಮೇಲೆ ನಾವು ಎಷ್ಟು ಹೊತ್ತು ಬಂದಿದ್ದೆವು? ನಾನು ಎಷ್ಟು ಮನೆಯವರ ಹೆಸರು ಎಣಿಸಿದ್ದೆ? ಹತ್ತೋ ಹದಿನೈದೋ. ಅಷ್ಟು ಹೊತ್ತಿನಿಂದ ಅವನು ಎಲ್ಲೋ ಒಬ್ಬನೇ ಬಿದ್ದಿದ್ದಾನೆ.

ದೂರದಲ್ಲಿ ರಸ್ತೆಯ ಮೇಲೆ ಗುಂಪು ಕಂಡಿತು. ಹತ್ತಾರು ಮಂದಿ, ನಡುವೆ ಯಾರೋ ಬಗ್ಗಿದ್ದಾರೆ. ನನ್ನ ಬಾಯಿಂದ ಶಿವನ ಹೆಸರು ಬಿಟ್ಟು ಮತ್ತೇನೂ ಬರಲಿಲ್ಲ. ಹತ್ತಿರ ಹೋದರೆ ಕಡಲೆ ಹೊಲದ ಕಳೆ ತೆಗೆದು ಮನೆಗೆ ಹೊರಟ ಹೆಣ್ಣುಮಕ್ಕಳು, ಟೆಂಪೋ ಕಾಯುತ್ತ ನಿಂತವರು. ಬಗ್ಗಿದ್ದವಳು ಬುತ್ತಿ ಗಂಟು ಕಟ್ಟುತ್ತಿದ್ದಳು. ಅವರಿಗೆ ಏನೂ ಗೊತ್ತಿರಲಿಲ್ಲ, ಅವರು ಆಗಷ್ಟೇ ಒಳದಾರಿಯಿಂದ ರಸ್ತೆಗೆ ಬಂದಿದ್ದರು.

ಅಷ್ಟರಲ್ಲಿ ಫೋನು ಬಂತು. ಅವನದೇ ಎಂದು ನೋಡಿದೆ. ಮಗಳದು.

ಎತ್ತಬೇಕೋ ಬೇಡವೋ. ಎತ್ತದಿದ್ದರೆ ಇನ್ನೂ ಗಾಬರಿಯಾಗುತ್ತಾಳೆ. ಎತ್ತಿದೆ.

"ಯವ್ವಾ, ಎಲ್ಲಿದ್ದೀರಿ? ಇವರ ಫೋನ್ ಬಂದ್ ಐತಿ. ನಿಮ್ಮ ಕೂಡ ಅದಾರಿಲ್ಲ?"

ನಾನು ಇವರ ಮುಖ ನೋಡಿದೆ. ಇವರು ರಸ್ತೆ ನೋಡುತ್ತಿದ್ದರು.

"ಅದಾರವ್ವ," ಅಂದೆ. "ಹಿಂದನ ಬರಾಕತ್ತಾರ."

"ಕೂಸಿಗೆ ಟೊಪ್ಪಿಗಿ ಇನ್ನೊಂದ ತರಾಕ ಹೇಳವಾ ಅವರಿಗೆ."

"ಹೂಂ, ಹೇಳ್ತೀನಿ."

ಫೋನು ಇಟ್ಟೆ. ಐವತ್ತೆರಡು ವರ್ಷದಲ್ಲಿ ಸುಳ್ಳು ಹೇಳಿಲ್ಲ ಎಂದಲ್ಲ, ಬೇಕಾದಷ್ಟು ಹೇಳಿದ್ದೇನೆ. ಆದರೆ ಇಂಥ ಸುಳ್ಳು ಎಂದೂ ಹೇಳಿರಲಿಲ್ಲ. ಇನ್ನು ಹತ್ತು ನಿಮಿಷದಲ್ಲಿ ನಾನು ಇದೇ ಫೋನಿನಲ್ಲಿ ಅವಳಿಗೆ ಬೇರೆ ಮಾತು ಹೇಳಬೇಕಾಗಬಹುದು. ಆ ಮಾತನ್ನು ಯಾವ ಶಬ್ದದಿಂದ ಶುರುಮಾಡುತ್ತಾರೆ? ನನಗೆ ಗೊತ್ತಿರಲಿಲ್ಲ. ಸೆರಗನ್ನು ಬಾಯಿಗೆ ತುರುಕಿಕೊಂಡು ಕೂತೆ.

ಮೊದಲು ಕಂಡದ್ದು ಮರದ ಚೂರು. ರಸ್ತೆಯ ನಡುವೆ, ಕೆಂಪು ಬಣ್ಣದ ಮೇಲೆ ಹಳದಿ ಬಳ್ಳಿ ಬರೆದ ಒಂದು ಗೇಣಿನ ಹಲಗೆ. ಅದರಾಚೆ ಇನ್ನೊಂದು. ಅದರಾಚೆ ಡಾಂಬರಿನ ಮೇಲೆ ಉದ್ದಕ್ಕೆ ಗೀರಿದ ಗುರುತು, ಅದು ರಸ್ತೆಯ ಅಂಚಿಗೆ ಹೋಗಿ ಮುಗಿದಿತ್ತು. ಅಲ್ಲಿ ತಗ್ಗಿನಲ್ಲಿ, ಮಳೆ ನೀರು ನಿಂತ ಗಟಾರದಲ್ಲಿ, ಬೈಕು ಅಡ್ಡ ಬಿದ್ದಿತ್ತು. ಹೆಲ್ಮೆಟ್ಟು ನೀರಲ್ಲಿ ಬೋರಲಾಗಿ ತೇಲುತ್ತಿತ್ತು.

ಮನುಷ್ಯ ಇರಲಿಲ್ಲ.

ಜೀಪು ನಿಲ್ಲುವ ಮೊದಲೇ ಹಾರಿದೆ. ಬೈಕಿನ ಕೆಳಗೆ ನೋಡಿದೆ, ನೀರಲ್ಲಿ ಕೈಹಾಕಿ ತಡಕಿದೆ. ಇವರು ಅವನ ಹೆಸರು ಹಿಡಿದು ಕೂಗುತ್ತಿದ್ದರು, ಗಂಟಲು ಹರಿಯುವ ಹಾಗೆ. ಎದುರುಗಾಳಿ ಆ ಕೂಗನ್ನು ಹಿಂದಕ್ಕೇ ತರುತ್ತಿತ್ತು. ಗಟಾರ ದಾಟಿ ಹೊಲಕ್ಕಿಳಿದೆ. ಎರೆ ಮಣ್ಣು ಒಂದು ಚಪ್ಪಲಿ ಕಿತ್ತುಕೊಂಡಿತು, ಇನ್ನೊಂದನ್ನು ನಾನೇ ಒಗೆದೆ. ಹೆಜ್ಜೆಗೊಮ್ಮೆ ಪಾದಕ್ಕೆ ಮಣ್ಣು ಮೆತ್ತಿ ಕಾಲು ಎತ್ತಲಾಗದಷ್ಟು ಭಾರವಾಗುತ್ತಿತ್ತು. ಗೇಣುದ್ದದ ಕಡಲೆ ಗಿಡಗಳನ್ನು ತುಳಿದುಕೊಂಡು ಒಂದು ಅಗಲವಾದ ಜಾಡು ಒಳಗೆ ಹೋಗಿತ್ತು. ಟೈರು ಉರುಳಿದ ಜಾಡು. ಅದನ್ನೇ ಹಿಡಿದು ಹೋದೆ.

ಟೈರು ಹೊಲದ ನಟ್ಟನಡುವಿನ ಇಳಿಜಾರಿನಲ್ಲಿ, ರಸ್ತೆಗೆ ಕಾಣದಂತೆ, ಅಡ್ಡ ಬಿದ್ದಿತ್ತು. ಅದರಾಚೆ, ಮಂಡಿಯೂರಿ, ತಲೆ ನೆಲಕ್ಕೆ ಬಗ್ಗಿಸಿ, ಅಳಿಯ.

ಅವನು ಅಲುಗಾಡುತ್ತಿಲ್ಲ ಅನ್ನಿಸಿತು. ಇನ್ನೂ ನಾಲ್ಕು ಹೆಜ್ಜೆ ಹಾಕಿದೆ. ಆಗ ಅವನು ಕೈಯಿಂದ ಮಣ್ಣು ಸರಿಸಿದ್ದು ಕಂಡಿತು. ತಲೆ ಎತ್ತಿದ. ಮುಖವೆಲ್ಲ ಕೆಸರು, ಹುಬ್ಬಿನ ಮೇಲೆ ಒಂದು ತರಚು ಗಾಯ. ಎದ್ದು ನಿಂತ. ಎರಡೂ ಕಾಲಿನ ಮೇಲೆ ನಿಂತ.

"ಅತ್ತಿಯಾರ," ಅಂದ, "ಕಲ್ಲು ಸಿಕ್ತ್ರಿ. ಕುಂಚಗಿ ಸಿಗವಲ್ದು."

ಅವನ ಬಾಜೂ ಗುಂಡಕಲ್ಲು ಇತ್ತು. ಬಿದ್ದ ಜಾಗದಿಂದ ಹೊತ್ತು ತಂದು, ಟೈರಿನ ಮೇಲೆ ಇಟ್ಟಿದ್ದ. ಇಷ್ಟು ಹೊತ್ತು ಅವನು ಹೊಲದಲ್ಲಿ ಒಂದು ಟೊಪ್ಪಿಗೆ ಹುಡುಕುತ್ತಿದ್ದ. ನಾನು ಕಳೆಯಬೇಡ ಎಂದಿದ್ದೆನಲ್ಲ!

ಅತ್ತೆಯಾದವಳು ಅಳಿಯನನ್ನು ಮುಟ್ಟಿ ಮಾತಾಡಿಸುವುದಿಲ್ಲ, ಏಕವಚನದಲ್ಲಿ ಕರೆಯುವುದಿಲ್ಲ. ಆ ಹೊತ್ತಿನಲ್ಲಿ ನನಗೆ ಯಾವ ಕಟ್ಟೂ ನೆನಪಿರಲಿಲ್ಲ.

"ಲೇ ಹುಚ್ಚಖೋಡಿ!" ಎಂದು ಕೂಗಿ, ಅವನ ಭುಜಕ್ಕೆ, ಎದೆಗೆ, ಕೈಗೆ ಸಿಕ್ಕಸಿಕ್ಕಲ್ಲಿ ಬಡಿದೆ. "ಫೋನ್ ಯಾಕ ಮಾಡ್ಲಿಲ್ಲಲೇ? ಜೀವ ಹೋಗಿತ್ತಲ್ಲೋ ನಂದು!"

"ಫೋನ್ ನೀರಾಗ ಬಿತ್ರಿ. ನೀವು ಹೊಳ್ಳಿ ಬಂದ ಬರ್ತೀರಿ ಅನ್ಕೊಂಡೆ. ಅಷ್ಟರಾಗ ಹುಡುಕೂಣು ಅಂತ..." ಅಷ್ಟು ಹೇಳುವುದರಲ್ಲಿ ಅವನ ಹಲ್ಲು ಕಟಕಟ ಹೊಡೆದುಕೊಳ್ಳತೊಡಗಿದವು. ಅವನಿಗೂ ಆಗಲೇ ಹೆದರಿಕೆ ಬಂದದ್ದು ಎಂದು ಕಾಣುತ್ತದೆ. ಟೈರಿನ ಅಂಚಿನ ಮೇಲೆ ಕುಸಿದು ಕೂತ. ನಾನು ಅವನ ತಲೆಯನ್ನು ಹೊಟ್ಟೆಗೆ ಒತ್ತಿ ಹಿಡಿದುಕೊಂಡು ಅತ್ತುಬಿಟ್ಟೆ.

ಇವರು ಬಂದರು. ಅವನ ಕೈಕಾಲು ಹಿಡಿದು ಹಿಡಿದು ನೋಡಿದರು. ಏನೂ ಮುರಿದಿರಲಿಲ್ಲ. ಅವನಿಗೆ ನೀರು ಕುಡಿಸಿ, ಮೂವರೂ ನಿಧಾನವಾಗಿ ರಸ್ತೆಗೆ ಬಂದೆವು. ಅಷ್ಟರಲ್ಲಿ ನನಗೆ ಜೀವ ಮರಳಿತ್ತು, ಜೀವದ ಜೊತೆ ನಾಲಿಗೆಯೂ.

"ನೋಡಿದ್ರಿಲ್ಲ ನಿಮ್ಮ ಟೈರಿನ ಪ್ರತಾಪ? ಒಂದೂವರೆ ವರ್ಷ ಬಡಕೊಂಡೆ. ಇವತ್ತ ಕೂಸಿನ ಅಪ್ಪನ್ನ ತಿಂದು ಬಿಡ್ತಿತ್ತಲ್ಲ ಅದು! ಇನ್ನ ಮ್ಯಾಲ ಅದು ನನ್ನ ಕಣ್ಣಿಗೆ ಬೀಳಬಾರದು..."

ಇವರು ತಲೆ ತಗ್ಗಿಸಿ ಕೇಳಿಸಿಕೊಂಡರು. ಮಾವ ಅಳಿಯ ಸೇರಿ ಬೈಕನ್ನು ಗಟಾರದಿಂದ ಎತ್ತಿ ನಿಲ್ಲಿಸಿದರು. ನಾನು ಬೈಯುತ್ತಲೇ ಸೆರಗಿನಿಂದ ಅದರ ಕೆಸರು ಒರೆಸಲು ಹೋದೆ.

ಪೆಟ್ರೋಲ್ ಟ್ಯಾಂಕಿನ ಮೇಲೆ ಕೈ ಒಳಗೆ ಇಳಿಯಿತು. ಸೀಟಿಗೆ ಹತ್ತಿದ ಕಡೆ, ಅವನು ಕೂತಾಗ ಎರಡು ತೊಡೆಯ ನಡುವೆ ಬರುವ ಜಾಗದಲ್ಲಿ, ಒಂದು ಗುಂಡನೆಯ ತಗ್ಗು. ತಗಡು ಬಟ್ಟಲಿನ ಹಾಗೆ ಒಳಗೆ ಕುಳಿತಿತ್ತು.

"ಟೈರ್ ಬಡೀತೇನ್ರಿ ಇಲ್ಲೆ?" ಎಂದು ಕೇಳಿದೆ.

"ಇಲ್ರಿ. ಟೈರ್ ಆ ಕಡೆ ಹಾರಿ ಹೋತ್ರಿ, ನನಗ ಎರಡ ಮಾರು ದೂರ. ಇದು..." ಎಂದು ಅಳಿಯ ಅಲ್ಲಿಗೇ ನಿಲ್ಲಿಸಿದ. ಬೇರೆ ಕಡೆ ನೋಡಿದ.

ತಗ್ಗಿನ ಅಂಚಿನಲ್ಲಿ, ಬಣ್ಣ ಎದ್ದ ಕಡೆ, ಹಸಿರು ನೂಲಿನ ಎರಡು ಎಳೆ ಸಿಕ್ಕಿಕೊಂಡಿದ್ದವು. ಗುಂಡಕಲ್ಲಿಗೆ ಸುತ್ತಿದ್ದ ನನ್ನ ಖಣದ ನೂಲು.

ಇವರು ನೂಲು ನೋಡಿದರು. ಅಳಿಯನ ಎದೆ ನೋಡಿದರು, ಅವನು ಬೈಕಿನ ಮೇಲೆ ಕೂತರೆ ಅದು ಆ ತಗ್ಗಿನಿಂದ ಒಂದೇ ಗೇಣು ಮೇಲೆ. ಆಮೇಲೆ ನನ್ನ ಕಡೆ ನೋಡಿದರು. ಒಂದೂವರೆ ವರ್ಷದ ನನ್ನ ಬೈಗುಳಕ್ಕೆಲ್ಲ ಒಂದೇ ಮಾತಲ್ಲಿ ಬಾಕಿ ತೀರಿಸಬಹುದಿತ್ತು. ನಾನಾಗಿದ್ದರೆ ಬಿಡುತ್ತಿರಲಿಲ್ಲ. ಇವರು ಆ ಎರಡು ಎಳೆಯನ್ನು ಉಗುರಿನಿಂದ ಬಿಡಿಸಿ ಗಾಳಿಗೆ ಬಿಟ್ಟು, "ನಡೀರಿ, ಮನಿಗೆ ಹೋಗೂಣು," ಅಂದರು.

ಟೈರನ್ನು ಮರುದಿನ ಆಳುಗಳು ತಂದು ದನದ ಕೊಟ್ಟಿಗೆಯ ಹಿಂದೆ ಹಾಕಿದರು. ಈಗ ಜೀಪಿಗೆ ಹಿಂದೆ ಏನೂ ಇಲ್ಲ, ಒಳಗೆ ಬೆಳಕಿದೆ. ಕೂಸನ್ನು ಎರವಲು ತಂದ ತೊಟ್ಟಿಲಲ್ಲಿ ಹಾಕಿದೆವು. ಹೆಣ್ಣುಮಕ್ಕಳು ಗುಂಡಕಲ್ಲು ಎಲ್ಲಿ ಎಂದು ಕೇಳಿದಾಗ ಕಳೆದುಹೋಯಿತು ಅಂದೆ. ಅದು ಎಲ್ಲಿದೆ ಎಂದು ನನಗೆ ಗೊತ್ತು, ಆದರೆ ನಾನು ಅದನ್ನು ಮತ್ತೆ ಮುಟ್ಟಿಲ್ಲ. ಮಗಳಿಗೆ, ಟೈರೂ ತೊಟ್ಟಿಲೂ ಕಳಚಿ ಬಿದ್ದವು, ಎತ್ತಲು ಹೋದ ಗಂಡ ಕೆಸರಲ್ಲಿ ಜಾರಿ ಬಿದ್ದ ಎಂದಷ್ಟೇ ಹೇಳಿದೆವು. ಹೇಳಿದವನು ಅಳಿಯನೇ.

ಮೊಮ್ಮಗನಿಗೆ ಈಗ ಮೂರು ತುಂಬಿದೆ. ಅಳಿಯನದು ಇನ್ನೂ ಅದೇ ಬೈಕು. ಟ್ಯಾಂಕು ಸರಿಮಾಡಿಸಿಕೊಳ್ಳಿ, ನಾನೇ ಮಾಡಿಸಿಕೊಡುತ್ತೇನೆ ಎಂದು ಎಷ್ಟು ಸಲ ಹೇಳಿದೆನೋ. "ಓಡಾಕ ಏನ್ ತ್ರಾಸಿಲ್ಲಲ್ರಿ ಅತ್ತಿಯಾರ," ಅನ್ನುತ್ತಾನೆ. ಅವರು ಬಂದಾಗ ನಾನು ಅಂಗಳಕ್ಕೆ ಹೋಗಿ ನಿಲ್ಲುತ್ತೇನೆ, ಆದರೆ ಮೊದಲು ಯಾರ ಮುಖವನ್ನೂ ನೋಡುವುದಿಲ್ಲ. ಟ್ಯಾಂಕು ನೋಡುತ್ತೇನೆ.

ಹುಡುಗ ಅಪ್ಪನ ಮುಂದೆ ಟ್ಯಾಂಕಿನ ಮೇಲೆಯೇ ಕೂತು ಬರುತ್ತಾನೆ. ಆ ತಗ್ಗಿನಲ್ಲಿ ಅವನ ಕುಂಡೆ ಸರಿಯಾಗಿ ಕೂರುತ್ತದೆ, ಅತ್ತಿತ್ತ ಜಾರುವುದಿಲ್ಲ. ಹೋದ ತಿಂಗಳು ಬಂದಾಗ ಇಳಿಯಲು ಒಲ್ಲೆ ಎಂದು ಅಲ್ಲೇ ಹಟ ಹಿಡಿದು ಕೂತ. ಕೈಯಿಂದ ತಟ್ಟಿ ತೋರಿಸಿದ.

"ಅಜ್ಜಿ, ಇದು ನನ್ನ ಕುರ್ಚಿ. ಯಾರ ಮಾಡ್ಯಾರ ಇದನ್ನ?"

ಅಳಿಯ ನೆಲ ನೋಡಿದ. ಜೀಪು ತೊಳೆಯುತ್ತಿದ್ದ ಇವರು ನೀರು ನಿಲ್ಲಿಸಿದರು. ಮಗಳು ಚೀಲ ಹಿಡಿದು ಬಾಜೂ ನಿಂತಿದ್ದಳು.

"ನಾನ ಮಾಡೀನಪ್ಪ," ಅಂದೆ.

ಮಗಳು ತಮಾಷೆ ಎಂದುಕೊಂಡು ನಕ್ಕಳು. ಹುಡುಗ ಮಾತ್ರ ನಂಬಿದ. ನನ್ನನ್ನು ಬಹಳ ಮೆಚ್ಚಿಕೊಂಡು ನೋಡಿ, "ಚಲೋ ಮಾಡೀದಿ ಅಜ್ಜಿ," ಅಂದ.

ನಾನು ಅವನನ್ನು ಎರಡೂ ಕೈಯಿಂದ ಎತ್ತಿ ಕೆಳಗಿಳಿಸಿದೆ.